ಮನೆಮಂದಿಯ ಪ್ರವಾಸ, ಮಿತವಾದ ವೆಚ್ಚ

ಕನಕಪುರ ತಾಲ್ಲೂಕು ಕೋಡಿಹಳ್ಳಿಯಿಂದ ನಮ್ಮ ವಾಚಕರಲ್ಲೊಬ್ಬರಾದ ಸೋದರಿಯೊಬ್ಬರು ಕಾಗದ ಬರೆದಿರುವರು. ಮನೆಯಲ್ಲಿ ಅತ್ತೆಯವರು, ಯಜಮಾನರು, ತಾವು, 14 ವರ್ಷದ ಮಗಳು, 10 ವರ್ಷದ ಮಗ, ಇನ್ನೂ 5 ತುಂಬದ ಕೂಸು, ಒಟ್ಟು ಆರು ಮಂದಿ. ದಸರಾ ರಜೆಯಲ್ಲಿ 3,000 ರೂಪಾಯಿಗಳನ್ನು ಮೀರದಂತೆ ಎಲ್ಲರೂ ಎಲ್ಲಿಗಾದರೂ ಹೋಗಿಬರುವ ಉಪಾಯವನ್ನು ತಿಳಿಸಬೇಕೆಂದು ಅವರ ಕೋರಿಕೆ. ಕಾಗದದ ಕೊನೆಯಲ್ಲಿ ಒಂದು ಮಾತನ್ನು ಸೇರಿಸಿರುವರು: ಮದುವೆಯಾದ 16 ವರ್ಷಗಳಲ್ಲಿ ಮನೆಯವರೆಲ್ಲರೂ ಒಟ್ಟಿಗೆ ಹೊಸ್ತಿಲು ದಾಟಿದ್ದು ಒಂದು ಬಾರಿಯೂ ಇಲ್ಲವಂತೆ. ರೇಷ್ಮೆಹುಳುವಿನ ಮನೆಗೂ ಹಸುವಿನ ಕೊಟ್ಟಿಗೆಗೂ ಯಾರಾದರೊಬ್ಬರು ನಿಲ್ಲಲೇಬೇಕು. ಒಮ್ಮೆ ಅತ್ತೆ ನಿಲ್ಲುವರು, ಒಮ್ಮೆ ಸೊಸೆ.

ಪ್ರವಾಸವೆಂದೊಡನೆ ನಾವು ಮೊದಲು ನೋಡುವುದು ಹಣದ ಚೀಲವನ್ನು. ಆದರೆ ಈ ಕಾಗದವನ್ನು ಎರಡನೆಯ ಸಲ ಓದಿದಾಗ ಈ ಸಂಸಾರವನ್ನು ಕಟ್ಟಿಹಾಕಿರುವುದು ಮನೆಯ ಕಾವಲೇ ಹೊರತು ಬಡತನವಲ್ಲವೆಂದು ನಮಗೆ ತೋರಿತು. ಆದಕಾರಣ ಹಣದ ಲೆಕ್ಕವನ್ನು ಬೇಗನೆ ಮುಗಿಸಿ ಕಾವಲಿನ ಲೆಕ್ಕಕ್ಕೆ ಬರೋಣ.

2023ನೆಯ ಇಸವಿ ಜೂನ್ 11ರಿಂದ ನಡೆದು ಬಂದಿರುವ ಶಕ್ತಿ ಯೋಜನೆಯ ಮೇರೆಗೆ, ನಮ್ಮ ರಾಜ್ಯದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ದರವಿಲ್ಲ. ಐಷಾರಾಮದ ಬಸ್ಸುಗಳಿಗೆ ಮಾತ್ರ ಇದು ಅನ್ವಯಿಸದು. ಕೂಸಿಗೆ ಟಿಕೆಟ್ಟಿಲ್ಲ, ಹುಡುಗನಿಗೆ ಅರ್ಧ, ಯಜಮಾನರಿಗೆ ಪೂರ್ತಿ. ಎಂದರೆ ಆರು ಮಂದಿಗೆ ಒಂದೂವರೆ ಟಿಕೆಟ್ಟು! ಹಿಂದೆ ಬಸ್ಸಿನ ದರಕ್ಕೆ ಅಂಜಿ ಹೆಂಗಸರನ್ನು ಮನೆಯಲ್ಲಿ ಬಿಟ್ಟುಹೋಗುತ್ತಿದ್ದ ಯಜಮಾನರಿಗೆ ಈಗ ಆ ನೆಪವೂ ಉಳಿದಿಲ್ಲ. ರಾತ್ರಿ ತಂಗುವ ಕೋಣೆಗೆ ದುಡ್ಡು ಸುರಿಯಬೇಡಿರಿ. ಬೆಳಗ್ಗೆ ಹೊರಟು ರಾತ್ರಿ ಮನೆ ಸೇರುವ ಎರಡು ಪ್ರವಾಸಗಳು, ಹೊರಗೆ ತಂಗುವ ಒಂದಕ್ಕಿಂತ ಅಗ್ಗ; ಮುದುಕರಿಗೆ ತಮ್ಮ ಹಾಸಿಗೆಯೂ ತಪ್ಪುವುದಿಲ್ಲ.

ಈಗ ಕಾವಲಿನ ಮಾತು. ರೇಷ್ಮೆಯ ಮನೆಯವರಿಗೆ ಪಂಚಾಂಗವೇ ಬೇರೆ. ಚಾಕಿ ಹುಳು ಮನೆಗೆ ಬಂದ ದಿನದಿಂದ ಹಣ್ಣಾಗಿ ಚಂದ್ರಿಕೆಗೇರುವವರೆಗೆ ಸುಮಾರು ಎರಡೂವರೆ ವಾರ. ಈ ಅವಧಿಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕಬೇಕು. ಕೊನೆಯ ಜ್ವರ ಎದ್ದ ಮೇಲಿನ ಏಳೆಂಟು ದಿನಗಳಲ್ಲಂತೂ ಹುಳುವು ತನ್ನ ಜನ್ಮದ ಆಹಾರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತಿಂದುಬಿಡುತ್ತದೆ. ಆಗ ಮನೆಯವರಿಗೆ ಉಣ್ಣಲೂ ಹೊತ್ತಿರುವುದಿಲ್ಲ. ಶಾಲೆಯ ರಜೆ ಈ ದಿನಗಳ ಮೇಲೆ ಬಿದ್ದರೆ ಮಕ್ಕಳಿಗೆ ರಜೆಯೆಂದರೆ ಸೊಪ್ಪು ಹೊರುವುದೆಂದೇ ಅರ್ಥ. ಆದರೆ ಗೂಡು ಬಿಡಿಸಿ ಮಾರಿದ ಮೇಲೆ, ತಟ್ಟೆಗಳನ್ನು ತೊಳೆದು ಹುಳುವಿನ ಮನೆಗೆ ಔಷಧ ಹೊಡೆದು ಬಾಗಿಲು ಹಾಕಿದ ಕೆಲವು ದಿನಗಳಿರುವುವಷ್ಟೆ? ಅವೇ ನಿಮ್ಮ ರಜೆ. ಆ ದಿನಗಳು ತಾವಾಗಿಯೇ ದಸರೆಯ ಮೇಲೆ ಬೀಳುವುದಿಲ್ಲ, ಬೀಳಿಸಬೇಕು. ಚಾಕಿಗೆ ಮುಂಗಡ ಹೇಳುವಾಗಲೇ ಯಜಮಾನರು ಶಾಲೆಯ ರಜೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಮುಂದಿನ ಬೆಳೆಯನ್ನು ಮೂರು ದಿನ ಹಿಂದೆ ಮುಂದೆ ಮಾಡಿಕೊಳ್ಳಲಿ. ಸೊಪ್ಪು ಎರಡು ದಿನ ಬಲಿತರೆ ಸಂಸಾರ ಮುಳುಗುವುದಿಲ್ಲ.

ಹಸುವಿಗೆ ರಜೆಯಿಲ್ಲ. ಬೆಳಗಿನ ಹಾಲು ಕರೆದು ಡೈರಿಗೆ ಹಾಕಿ ಹೊರಡಬಹುದು, ಸಂಜೆಯ ಹಾಲಿಗೇನು ಗತಿ? ನಿಮ್ಮ ಸೀಮೆಯಲ್ಲಿ ನಾಟಿಗೂ ಕುಯ್ಲಿಗೂ ಮುಯ್ಯಾಳು ಮಾಡಿಕೊಳ್ಳುವುದು ಹೊಸತಲ್ಲ. ಅದನ್ನೇ ಪ್ರವಾಸಕ್ಕೂ ತನ್ನಿರಿ. ಇಂದು ಪಕ್ಕದ ಮನೆಯ ಅಕ್ಕ ನಿಮ್ಮ ಹಸುವನ್ನು ಕರೆಯಲಿ, ಅವರು ಹೊರಟ ದಿನ ಅವರ ಹಸುವನ್ನು ನೀವು ಕರೆಯಿರಿ. ಹೊಸ ಕೈಗೆ ಹಸು ಸೊರೆಬಿಡದು. ಆದ್ದರಿಂದ ನಾಲ್ಕು ದಿನ ಮೊದಲೇ ಅವರನ್ನು ಸಂಜೆ ಕರೆದು, ನೀವು ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿಸಿರಿ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವುಂಟು. ನಮ್ಮ ಬಾಲ್ಯದಲ್ಲಿ ಮೈಸೂರಿನ ದಸರೆಗೆ ತಂದೆಯವರು ನಮ್ಮೆಲ್ಲರನ್ನೂ ಎರಡು ಬಾರಿ ಕರೆದುಕೊಂಡು ಹೋದರು. ಎರಡು ಬಾರಿಯೂ ತಾಯಿಯವರು ಕರುವಿನ ನೆಪದಲ್ಲಿ ಊರಿನಲ್ಲಿಯೇ ಉಳಿದರು. ನಾವು ಬಂದು ಆನೆಯ ವರ್ಣನೆ ಮಾಡುವಾಗ, ಕೇಳಿದುದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಒಂದು ಹೊತ್ತಿನ ಹಾಲು ಕರೆಯಲು ನೆರೆಯವರನ್ನು ಕೇಳಬಹುದಾಗಿತ್ತೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಎಲ್ಲಿಗೆ ಹೋಗುವುದು? ಮೊದಲನೆಯ ದಿನವನ್ನು ರಾಮನಗರಕ್ಕಿಡಿರಿ. ಅಲ್ಲಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದುದು. ಯಜಮಾನರು ಅದನ್ನು ನೂರು ಸಲ ನೋಡಿರಬಹುದು. ಹಗಲಿರುಳು ಸೊಪ್ಪು ಹಾಕಿದ ಅತ್ತೆ ಸೊಸೆಯರು, ತಮ್ಮ ಗೂಡು ಎಲ್ಲಿಗೆ ಹೋಗುತ್ತದೆ, ಅದರ ಬೆಲೆಯನ್ನು ಯಾರು ಹೇಗೆ ಕಟ್ಟುತ್ತಾರೆ ಎಂಬುದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಡವೆ? ಆದರೆ ನಿಮ್ಮ ಗೂಡನ್ನು ಮಾರುವ ದಿನ ಹೋಗಬೇಡಿರಿ. ಅಂದು ಯಜಮಾನರ ಜೀವವೆಲ್ಲ ಬೆಲೆಯಲ್ಲಿರುತ್ತದೆ. ಬೆಲೆ ಬಿದ್ದರೆ ಪ್ರವಾಸವೂ ಬೀಳುತ್ತದೆ. ಮಾರಿ ಮುಗಿದ ಮೇಲೆ ಬರಿಯ ಕೈಬೀಸಿಕೊಂಡು, ಬೆಳಗಿನ ಹೊತ್ತು ಹೋಗಿರಿ. ಒಳ್ಳೆಯ ಗೂಡೊಂದರಲ್ಲಿ ಸಾವಿರ ಮೀಟರಿನಷ್ಟು ಉದ್ದದ ಒಂದೇ ಎಳೆ ಸುತ್ತಿರುವುದೆಂದು ಹುಡುಗನಿಗೆ ಹೇಳಿರಿ. ಅವನು ನಂಬದಿದ್ದರೆ ಸಂತೋಷ, ಪ್ರಶ್ನೆ ಕೇಳುವನು.

ಅಲ್ಲಿಂದ ಮೈಸೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಜಾನಪದ ಲೋಕ. ಶ್ರೀ ಎಚ್. ಎಲ್. ನಾಗೇಗೌಡರು ಹಳ್ಳಿಹಳ್ಳಿ ಸುತ್ತಿ ಕೂಡಿಸಿದ ಸಾಮಗ್ರಿಗಳಿಂದ ಬೆಳೆದ ಸಂಸ್ಥೆಯಿದು. ಗೊಂಬೆ, ವೇಷಭೂಷಣ, ವಾದ್ಯ, ಅಡಿಗೆಯ ಪಾತ್ರೆ, ಬೇಸಾಯದ ಮುಟ್ಟು ಎಲ್ಲವನ್ನೂ ನೆರಳಿನಲ್ಲಿ ನಿಧಾನವಾಗಿ ನೋಡಬಹುದು. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಳ್ಳಿರಿ. ಮಕ್ಕಳು ರಾಮದೇವರ ಬೆಟ್ಟವನ್ನೂ ಹತ್ತೋಣವೆನ್ನುವರು. 2012ರಲ್ಲಿ ರಣಹದ್ದುಗಳ ರಕ್ಷಿತ ಧಾಮವೆಂದು ಸಾರಿದ ಆ ಬೆಟ್ಟ ನೋಡತಕ್ಕದ್ದೇ ಸರಿ. ಆದರೆ ಅತ್ತೆಯವರನ್ನು ಕೆಳಗೆ ಕೂರಿಸಿ ಮೇಲೆ ಹೋಗುವುದಾದರೆ ಮನೆಯಲ್ಲಿ ಬಿಟ್ಟುಬಂದುದಕ್ಕೂ ಅದಕ್ಕೂ ಏನು ವ್ಯತ್ಯಾಸ? ಅದರ ಬದಲು ರಾಮನಗರದಿಂದ ಚನ್ನಪಟ್ಟಣಕ್ಕೆ ರೈಲಿನಲ್ಲಿ ಹೋಗಿರಿ. ಕನಕಪುರದ ಕಡೆ ರೈಲಿಲ್ಲದ್ದರಿಂದ ಕೂಸಿಗೆ ಇದೇ ದೊಡ್ಡ ಹಬ್ಬ. ದೂರ 12 ಕಿಲೋಮೀಟರಿನಷ್ಟು. ಪ್ಯಾಸೆಂಜರ್ ಗಾಡಿಯ ಅತಿ ಕಡಮೆ ದರ ತಲೆಗೆ 10 ರೂಪಾಯಿ. ಇಲ್ಲಿ ಮಾತ್ರ ಹೆಂಗಸರೂ ಟಿಕೆಟ್ಟು ಕೊಳ್ಳಬೇಕು. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡು ಚರಕಿಯಲ್ಲಿ ತಿರುಗುವಾಗ ಬಣ್ಣದ ಅರಗನ್ನು ಒತ್ತಿದರೆ, ತಿಕ್ಕಿದ ಕಾವಿಗೇ ಕರಗಿ ಮರಕ್ಕೆ ಹತ್ತುವುದನ್ನು ನೋಡಬಹುದು. ಮಗುವಿಗೆ ಒಂದೊಂದು ಗೊಂಬೆ, ತಲಾ 100 ರೂಪಾಯಿಯೊಳಗೆ. ಆರಿಸುವ ಅಧಿಕಾರ ಅವರದೇ.

ಈ ದಿನದ ಅಂದಾಜು: ಬಸ್ಸು ರೈಲಿಗೆ 400, ಊಟಕ್ಕೆ 700, ಗೊಂಬೆಗೆ 300, ಪ್ರವೇಶಕ್ಕೂ ಆಟೋಗೂ 500, ಒಟ್ಟು 1,900 ರೂಪಾಯಿ. ಊಟದ 700 ಹೆಚ್ಚೆಂದು ಯಜಮಾನರು ಗೊಣಗಿದರೆ, ಅದು ಹೋಟಲಿನ ಊಟದ ಬೆಲೆಯಲ್ಲ, ಮಡದಿಯ ಬೆಳಗಿನ ನಿದ್ದೆಯ ಬೆಲೆಯೆಂದು ತಿಳಿಸಿರಿ. ಮೂರು ಗಂಟೆಗೆದ್ದು ಆರು ಮಂದಿಗೆ ಬುತ್ತಿ ಕಟ್ಟಿದವಳಿಗೆ ಮಾರುಕಟ್ಟೆಯೂ ಒಂದೇ, ರೈಲೂ ಒಂದೇ, ತೂಕಡಿಸಿಕೊಂಡೇ ನೋಡುವಳು.

ಎರಡನೆಯ ದಿನ ಸಂಗಮಕ್ಕೂ ಮೇಕೆದಾಟಿಗೂ. ಇದನ್ನು ದಸರೆಗೆ ಇಟ್ಟುಕೊಳ್ಳದೆ ಸಂಕ್ರಾಂತಿಯ ಮೇಲಕ್ಕೆ ತಳ್ಳುವುದು ಲೇಸು. ಮಳೆಗಾಲದ ಬೆನ್ನಿಗೆ ಕಾವೇರಿ ತುಂಬಿದ್ದರೆ ತೆಪ್ಪ ಹಾಕುವುದಿಲ್ಲ; ಹೊಳೆ ದಾಟದೆ ನಾಲ್ಕು ಕಿಲೋಮೀಟರಿನಷ್ಟು ಆಚೆಯ ಮೇಕೆದಾಟನ್ನು ಕಾಣುವುದಾಗದು. ಸಂಗಮದಲ್ಲಿ ಸೇರುವ ಅರ್ಕಾವತಿಯು ಬೆಂಗಳೂರಿನ ಕೊಳೆಯನ್ನು ವೃಷಭಾವತಿಯ ಮೂಲಕ ಹೊತ್ತು ತರುತ್ತದೆ, ಅಲ್ಲಿ ಮಕ್ಕಳನ್ನು ಮೀಯಿಸಬೇಡಿರಿ. ಮೇಕೆದಾಟಿನ ಬಂಡೆಗಳಲ್ಲಿ ನೀರು ಕೊರೆದ ಹೊಂಡಗಳಿವೆ, ಪಾಚಿಯಿದೆ, ಕೆಳಗೆ ಇಕ್ಕಟ್ಟಿನಲ್ಲಿ ಸೆಳವಿದೆ. ನಿಮ್ಮಲ್ಲಿ ಒಂದು ಹನಿ ಮಳೆಯಿಲ್ಲದಾಗಲೂ ಮೇಲಿನ ಕೃಷ್ಣರಾಜಸಾಗರ, ಕಬಿನಿಗಳಿಂದ ಬಿಟ್ಟ ನೀರು ಬಂದು ಹೊಳೆ ಏರಬಹುದು. ಎಷ್ಟೋ ಮನೆಗಳ ಗಂಡುಮಕ್ಕಳು ಅಲ್ಲಿ ಹೋಗಿಬಿಟ್ಟಿರುವರು. ಹುಡುಗನ ಕೈ ತಂದೆಯ ಕೈಯಲ್ಲಿಯೇ ಇರಲಿ. ಬಸ್ಸುಗಳು ಕೆಲವೇ ಆದುದರಿಂದ, ಇಳಿದೊಡನೆ ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಕೇಳಿಕೊಳ್ಳಿರಿ. ಈ ದಿನ ಬುತ್ತಿಯೇ ಸರಿ: ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ಹಿಂದಿನ ರಾತ್ರಿ ಎಳ್ಳು ಹುರಿಯುವ ಕೆಲಸ ಯಜಮಾನರದು. ದರಕ್ಕೂ ತೆಪ್ಪಕ್ಕೂ 700 ಸಾಕು. ನಿಮ್ಮ 3,000ದಲ್ಲಿ ಇನ್ನೂ 400 ಉಳಿಯಿತು.

ಇನ್ನು ಅತ್ತೆಯವರು. ಹೊರಡುವ ಹಿಂದಿನ ರಾತ್ರಿ "ನಾನ್ಯಾಕವ್ವ ಬರ್ಲಿ, ನೀವು ಹೋಗ್ಬನ್ನಿ, ಮನೆ ನೋಡ್ಕಂತೀನಿ" ಎಂದೇ ಎನ್ನುವರು. ಅಷ್ಟು ವರ್ಷಗಳ ಅಭ್ಯಾಸ ಅದು. ಆಗ ಬಲವಂತ ಮಾಡಿದರೆ ಬಿಗಿಯುವರು. ಕೊಟ್ಟಿಗೆಯ ಬೀಗದ ಕೈಯನ್ನು ಅವರ ಕೈಯಿಂದಲೇ ನೆರೆಯವರಿಗೆ ಕೊಡಿಸಿರಿ. ಜಾನಪದ ಲೋಕದಲ್ಲಿ ಇಟ್ಟಿರುವ ಬೀಸುಕಲ್ಲು, ಒನಕೆ, ಮೊರ ಇವುಗಳ ಕೆಲಸ ಮಕ್ಕಳಿಗೆ ತಿಳಿಯದು, ನೀವೇ ಬಂದು ಹೇಳಬೇಕೆನ್ನಿರಿ. ಅವರ ಆಧಾರ್ ಚೀಟಿಯನ್ನು ಮಾತ್ರ ಸೆರಗಿನ ಗಂಟಿಗೆ ಕಟ್ಟಲು ಬಿಡದೆ ನಿಮ್ಮ ಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಕಂಡಕ್ಟರು ಕೇಳಿದಾಗ ಗಂಟು ಬಿಚ್ಚುವುದರೊಳಗೆ ಕನಕಪುರ ಬಂದಿರುತ್ತದೆ.