ಕರೆಯ ಮುಖವಾಡ ಕಳಚುವ ಹೊಣೆ ಯಾರದು?

ಕಳೆದ ಸುಗ್ಗಿಯ ದಿನಗಳಲ್ಲಿ ನಾನು ಶಲವಡಿಯ ಬಂಧುಗಳ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಕಡಲೆ ಮಾರಿದ ಹಣ ಖಾತೆಗೆ ಜಮಾ ಆಯಿತೋ ಇಲ್ಲವೋ ಎಂಬ ಮಾತು ನಡೆದಿರುವಾಗಲೇ ಮನೆಯ ಹಿರಿಯರ ಮೊಬೈಲ್ ರಿಂಗಣಿಸಿತು. ಪರದೆಯ ಮೇಲೆ ಭಾರತದ್ದೇ ಹತ್ತಂಕಿಯ ಸಂಖ್ಯೆ. ಆಚೆಯ ದನಿ ‘ಬ್ಯಾಂಕಿನಿಂದ’ ಎಂದಿತು. ಅವರು ಫೋನನ್ನು ನನ್ನ ಕೈಗಿತ್ತು, ‘ಯಾರರೆ ಬಾಗಿಲಾ ಬಡದ್ರ ದನಿ ಮ್ಯಾಲೆ ಗುರುತು ಹಿಡೀತೇವಿ. ಇದರಾಗ ಹ್ಯಾಂಗ ಹಿಡಿಯೂದು?’ ಎಂದರು. ನನ್ನಲ್ಲಿ ಅಂದು ಉತ್ತರವಿರಲಿಲ್ಲ.

ಕರೆಯೊಂದಿಗೆ ಬರುವ ಸಂಖ್ಯೆ ಬರಿಯ ಹೇಳಿಕೆ, ಪುರಾವೆಯಲ್ಲ. ವೈ-ಫೈ ಸಾಧನದ ಮ್ಯಾಕ್ ವಿಳಾಸವೂ ಅಷ್ಟೆ. ತಂತ್ರಾಂಶದ ನೆರವಿನಿಂದ ಅದನ್ನು ಬದಲಿಸಬಹುದು. 2ಜಿ ಜಾಲವಂತೂ ಸಿಮ್ಮಿನ ಗುರುತನ್ನು ಪರೀಕ್ಷಿಸುತ್ತದೆಯೇ ಹೊರತು, ಗೋಪುರ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ದಾರಿ ಫೋನಿಗಿಲ್ಲ. 3ಜಿ ಮತ್ತು ಅನಂತರದ ತಲೆಮಾರುಗಳು ಈ ಕೊರತೆಯನ್ನು ನೀಗಿಸಲು ಯತ್ನಿಸಿದವು. ಹಳೆಯ ಫೋನನ್ನೇ ನೆಚ್ಚಿದವರಿಗೆ ಆ ರಕ್ಷಣೆ ದಕ್ಕಲಿಲ್ಲ.

ಸೋಗನ್ನು ಹಿಡಿಯುವ ಉಪಾಯ ಹಳೆಯದೇ: ನುಡಿಯನ್ನು ನಡೆಯೊಂದಿಗೆ ತಾಳೆ ನೋಡುವುದು. ಒಂದೇ ಮ್ಯಾಕ್ ವಿಳಾಸದ ಸಂಕೇತಗಳು ಏಕಕಾಲಕ್ಕೆ ಎರಡು ಬಗೆಯ ಬಲದಲ್ಲಿ ಬರುತ್ತಿದ್ದರೆ, ಆ ಹೆಸರಿನಲ್ಲಿ ಇಬ್ಬರಿದ್ದಾರೆಂದು ಶಂಕಿಸಬೇಕು. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಸೇನಾ ಗುಪ್ತಚರ ವಿಭಾಗದ ನೆರವಿನಿಂದ ಅಕ್ರಮ ದೂರವಾಣಿ ವಿನಿಮಯ ಕೇಂದ್ರವೊಂದನ್ನು ಭೇದಿಸಿದರು. ಅಲ್ಲಿದ್ದ ‘ಸಿಮ್ ಬಾಕ್ಸ್’ಗಳು ವಿದೇಶಿ ಕರೆಗಳಿಗೆ ಸ್ಥಳೀಯ ಸಂಖ್ಯೆಯ ವೇಷ ತೊಡಿಸುತ್ತಿದ್ದವು. ಇಂತಹ ಸಿಮ್ಮುಗಳ ನಡತೆಯೇ ಅವುಗಳ ಗುಟ್ಟು ಬಿಡುತ್ತದೆ: ಅವು ಕದಲುವುದಿಲ್ಲ, ಹೊರಹೋಗುವ ಕರೆಗಳೇ ಹೆಚ್ಚು, ಒಳಬರುವವು ಇಲ್ಲವೆಂಬಷ್ಟು ಕಡಿಮೆ.

2024ರ ಅಕ್ಟೋಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಇದೇ ತರ್ಕವನ್ನು ರಾಷ್ಟ್ರಮಟ್ಟದಲ್ಲಿ ಅಳವಡಿಸಿತು. ವಿದೇಶದಿಂದ ಬರುವ ಕರೆ ಭಾರತದ ಸಂಖ್ಯೆ ತೋರಿಸಿದರೆ, ಆ ಸಿಮ್ ನಿಜಕ್ಕೂ ವಿದೇಶದಲ್ಲಿದೆಯೇ ಎಂದು ವಿಚಾರಿಸಲಾಗುತ್ತದೆ. ಸಿಮ್ ಶಲವಡಿಯ ಗೋಪುರದಡಿಯಲ್ಲಿದ್ದು ಕರೆ ಕಡಲಾಚೆಯಿಂದ ಬಂದಿದ್ದರೆ ಅದು ಸುಳ್ಳೆಂಬುದು ಸ್ವಯಂಸಿದ್ಧ. ಮೊದಲ 24 ಗಂಟೆಗಳಲ್ಲೇ 1.35 ಕೋಟಿ ಕರೆಗಳನ್ನು ತಡೆಯಲಾಯಿತೆಂದು ಸರ್ಕಾರ ಪ್ರಕಟಿಸಿತು. ಇಷ್ಟು ಸರಳವಾದ ವಿಚಾರಣೆ ಅಲ್ಲಿಯವರೆಗೆ ದೇಶವ್ಯಾಪಿಯಾಗಿ ನಡೆಯಲಿಲ್ಲವೇಕೆ?

ವಂಚಕರು ಸುಮ್ಮನಿರುವವರಲ್ಲ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟುತ್ತಾರೆ. ಪತ್ತೆಯ ಜರಡಿಯೂ ದೋಷಮುಕ್ತವಲ್ಲ. ಅಂಗಡಿಯ ಮೇಜಿನಲ್ಲೇ ಕುಳಿತ ಪ್ರಾಮಾಣಿಕ ಫೋನೂ ಕದಲುವುದಿಲ್ಲ. ಖಾಸಗಿತನದ ರಕ್ಷಣೆಗಾಗಿ ಇಂದಿನ ಫೋನುಗಳು ತಾವಾಗಿಯೇ ಮ್ಯಾಕ್ ವಿಳಾಸವನ್ನು ಬದಲಿಸಿಕೊಳ್ಳುತ್ತವೆ. ಆದ್ದರಿಂದ ತಪ್ಪಾಗಿ ತಡೆಯಲ್ಪಟ್ಟವರ ಅಹವಾಲು ಕೇಳುವ ವ್ಯವಸ್ಥೆಯೂ ಜೊತೆಗಿರಬೇಕು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಗಾದೆ. ಆದರೆ ಪ್ರಮಾಣಿಸುವ ಸಾಧನ ಯಾರ ಕೈಯಲ್ಲಿದೆ? ಕರೆ ಯಾವ ದಾರಿಯಿಂದ ಬಂತು, ಸಿಮ್ ಯಾವ ಗೋಪುರದಡಿ ಇದೆ ಎಂಬುದನ್ನು ಕಂಪನಿಗಳು ಬಲ್ಲವು, ರೈತನಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು, ನಿಜ. ಆದರೆ ‘ಎಚ್ಚರವಾಗಿರಿ’ ಎಂಬ ಉಪದೇಶವೊಂದನ್ನೇ ನೀಡಿ, ಪತ್ತೆಯ ಹೊಣೆಯನ್ನು ಕಟ್ಟೆಯ ಮೇಲಿನ ಹಿರಿಯರ ಹೆಗಲಿಗೆ ಏರಿಸುವುದು ನ್ಯಾಯವಲ್ಲ. ಗುರುತು ತಿಳಿಯಬಲ್ಲವರೇ ಅದಕ್ಕೆ ಜಾಮೀನಾಗಬೇಕು.