ಮಾತ್ರೆ ಎಣಿಸುವ ಮಗಳು

ತಾಯಿಗೆ ಸ್ಕಿಜೋಫ್ರೇನಿಯಾ. ಹನ್ನೊಂದು ವರ್ಷದ ಮಗಳು ಅಡುಗೆ ಮಾಡಿ, ತಾಯಿಗೆ ಮಾತ್ರೆ ನುಂಗಿಸಿ ಶಾಲೆಗೆ ಓಡುತ್ತಾಳೆ. ‘ಎಷ್ಟು ಜವಾಬ್ದಾರಿಯ ಹುಡುಗಿ!’ ಎಂದು ಹೊಗಳುವ ಬಂಧುಗಳೇ ‘ಹೊರಗೆ ಹೇಳಬೇಡ, ನಾಳೆ ನಿನ್ನ ಮದುವೆಗೆ ತೊಡಕು’ ಎಂದು ಬಾಯಿ ಮುಚ್ಚಿಸುತ್ತಾರೆ.

ಮುಚ್ಚಿಟ್ಟ ಕಾಯಿಲೆ ಕೊನೆಗೆ ಎಲ್ಲಿಗೆ ತಲುಪುತ್ತದೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ ಮನೋರೋಗಿಗಳು ಬೆಂಕಿಯಿಂದ ಓಡಲಾಗದೆ ಸತ್ತರು; ಸತ್ತವರು 28. ಸರಪಳಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿತು. ಮಗುವಿನ ಬಾಯಿಗೆ ಹಾಕಿದ ಬೀಗವನ್ನು ತೆಗೆಯಬೇಕಾದವರು ನಾವೇ.

ಮಾತ್ರೆಯ ಹೊಣೆಯನ್ನು ಹಿರಿಯರೊಬ್ಬರು ಹೊರಲಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲಿ. ಟೆಲಿ ಮಾನಸ್ 14416ಕ್ಕೆ ಕರೆ ಉಚಿತ. ಶಿಕ್ಷಕರಿಗೆ ವಿಷಯ ತಿಳಿಸಲಿ. ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಲಿ: ‘ಅಮ್ಮನಿಗಿರುವುದು ಕಾಯಿಲೆ, ಮಗಳೇ. ಅದು ನಿನ್ನಿಂದ ಬಂದದ್ದಲ್ಲ.’