ಚಕ್ರದ ಮೇಲಿನ ಮನೆ ಎಲ್ಲಿ ನಿಲ್ಲಬೇಕು?

ಹೊನ್ನಾವರದಿಂದ ಹೊರಟು ಗೇರುಸೊಪ್ಪೆಯ ಘಟ್ಟವನ್ನೇರಿ, ಜೋಗದ ಸಮೀಪದಲ್ಲಿ ಹಾದು, ಸಾಗರ, ಶಿವಮೊಗ್ಗ, ತರೀಕೆರೆಗಳನ್ನು ಹಿಂದಿಕ್ಕಿ ಬಯಲುಸೀಮೆಗೆ ಬರುವ ರಾಷ್ಟ್ರೀಯ ಹೆದ್ದಾರಿ 69, ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ದಾಟಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಈ ನಾಲ್ಕು ಪಟ್ಟಣಗಳ ನಡುವಿನ ಒಟ್ಟು ದೂರ ನೂರು ಕಿಲೋಮೀಟರಿಗಿಂತ ಕಡಿಮೆ. ಮಲೆನಾಡಿನ ಘಟ್ಟದಿಂದ ನಂದಿಯ ತಪ್ಪಲಿನವರೆಗೆ ಅವಸರವಿಲ್ಲದೆ ಸಾಗಬಯಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ರಾಜ್ಯದಲ್ಲಿ ಹೆಚ್ಚಿಲ್ಲ.

ಇಂತಹ ದಾರಿಯಲ್ಲಿ ಕ್ಯಾರವಾನ್ ಏರಿ ಹೊರಟ ನಿವೃತ್ತ ದಂಪತಿಗಳನ್ನು ಕಲ್ಪಿಸಿಕೊಳ್ಳಬಹುದು. ಹಾಸಿಗೆ, ಒಲೆ, ಪುಟ್ಟ ಶೌಚಾಲಯ ಎಲ್ಲವೂ ವಾಹನದೊಳಗೇ ಇವೆ. ಮೊದಲ ಸಂಜೆ ಅವರು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥಕ್ಕೆ ಬರುತ್ತಾರೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆದ ಸ್ಥಳವನ್ನೂ ಸಾಲುಸಾಲಾದ ನಾಗರಕಲ್ಲುಗಳನ್ನೂ ನೋಡುತ್ತಾರೆ. ಕತ್ತಲಾಗುತ್ತದೆ. ಈಗ ವಾಹನವನ್ನು ಎಲ್ಲಿ ನಿಲ್ಲಿಸಬೇಕು? ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಲಾರಿಗಳ ನಡುವೆ. ಅಲ್ಲದಿದ್ದರೆ ಬೆಂಗಳೂರಿನತ್ತ ತಿರುಗಿ ಹೊರಟುಹೋಗುವುದು. ಹೊರಟುಹೋದರೆ ಅವರ ಜೇಬಿನ ಹಣವೂ ಜೊತೆಯಲ್ಲಿಯೇ ಹೋಗುತ್ತದೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾದಂದಿನಿಂದ ಪ್ರವಾಸೋದ್ಯಮದ ಮಾತು ಕೇಳಿಬರುತ್ತಲೇ ಇದೆ. ಆದರೆ ಆ ಮಾತು ಬಹುಮಟ್ಟಿಗೆ ನಂದಿಬೆಟ್ಟ ಮತ್ತು ಅದರ ಸುತ್ತಲಿನ ಜಮೀನಿನ ಬೆಲೆಯ ಮಾತಾಗಿದೆ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ವಾರಾಂತ್ಯದ ನಸುಕಿನಲ್ಲಿ ಸಾಲುಗಟ್ಟುವ ಕಾರುಗಳು ಸೂರ್ಯೋದಯ ನೋಡಿ ಮಧ್ಯಾಹ್ನದೊಳಗೆ ರಾಜಧಾನಿ ಸೇರುತ್ತವೆ. ಹೆಚ್ಚೆಂದರೆ ಒಂದು ಕಾಫಿ, ಒಂದು ತಟ್ಟೆ ಇಡ್ಲಿಯ ವ್ಯಾಪಾರ. ಪ್ಲಾಸ್ಟಿಕ್ ಬಾಟಲಿ ಮಾತ್ರ ಇಲ್ಲಿಯೇ ಉಳಿಯುತ್ತದೆ. ಬೆಟ್ಟದ ಬುಡದಲ್ಲಿಯೇ ಇರುವ ಭೋಗನಂದೀಶ್ವರ ದೇವಾಲಯದ ಮುಂದೆ ನಿಲ್ಲುವವರು ಇವರಲ್ಲಿ ಕಡಿಮೆ. 1916ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯ ಸ್ಥಾಪನೆಗೆ ಕಾರಣರಾದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯತ್ತ ತಿರುಗುವವರು ಇನ್ನೂ ಕಡಿಮೆ. ವಾಣಿಜ್ಯ ಸಂಸ್ಥೆಯ ಸದಸ್ಯರಿಗೆ ಇದು ನೋವಿನ ಸಂಗತಿಯಾಗಬೇಕು.

ಕ್ಯಾರವಾನಿನ ದಂಪತಿಗಳು ಬೇರೆ ಬಗೆಯ ಗ್ರಾಹಕರು. ಮಲಗಲು ಕೋಣೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವರು ಕೊಳ್ಳಬೇಕು. ತರಕಾರಿ, ಹಾಲು, ಅನಿಲ, ಡೀಸೆಲ್, ಟಯರಿನ ಪಂಕ್ಚರ್, ಬಟ್ಟೆ ಒಗೆಯುವವರು, ಸವೆದ ಬೆಲ್ಟಿಗೆ ಬದಲಿ ಬೆಲ್ಟು, ಇವೆಲ್ಲ ರೆಸಾರ್ಟಿನ ಬಾಗಿಲೊಳಗೆ ಅಲ್ಲ, ಪೇಟೆಯ ಬೀದಿಯಲ್ಲಿ ದೊರೆಯತಕ್ಕವು. ಎರಡು ದಿನ ತಂಗಿದರೆ ಬೆಂಗಳೂರು ನೀಲಿ ದ್ರಾಕ್ಷಿಯ ಪೆಟ್ಟಿಗೆಯನ್ನೋ ಚಿಂತಾಮಣಿಯ ಟೊಮೇಟೊವನ್ನೋ ಕೊಳ್ಳುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವಹಿವಾಟನ್ನೂ ನೂಲು ಬಿಚ್ಚುವ ಮನೆಗಳನ್ನೂ ಕಂಡವರಿಗೆ ಅಲ್ಲಿಯದೇ ಸೀರೆಯೊಂದನ್ನು ಒಯ್ಯುವ ಆಸೆ ಸಹಜ. ಆದರೆ ಅಲ್ಲಿಯ ನೂಲು ಬಹುಪಾಲು ಬೇರೆಡೆಗೆ ಹೋಗಿ ಸೀರೆಯಾಗುತ್ತದೆ. ಲಾಭದ ದೊಡ್ಡ ಪಾಲೂ ಅಲ್ಲಿಯೇ ನಿಲ್ಲುತ್ತದೆ. ದಾರಿಹೋಕ ಗ್ರಾಹಕನೊಬ್ಬ ಊರಿನಲ್ಲಿ ಒಂದು ರಾತ್ರಿ ಕಳೆದರೆ ಈ ಲೆಕ್ಕ ತುಸುವಾದರೂ ಬದಲಾದೀತು.

ಕ್ಯಾರವಾನುಗಳ ಸಂಖ್ಯೆ ಎಷ್ಟು, ಅವುಗಳಿಗಾಗಿ ಇಷ್ಟೆಲ್ಲ ಏಕೆ ಎಂಬ ಆಕ್ಷೇಪ ಸಹಜವಾದುದೇ. ಸಂಖ್ಯೆ ಕಡಿಮೆ, ಬಾಡಿಗೆ ದುಬಾರಿ ಎಂಬುದು ನಿಜ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿಯನ್ನು ಘೋಷಿಸಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಆದರೆ ಕ್ಯಾರವಾನಿಗೆ ಬೇಕಾದುದೇನು? ಸಮತಟ್ಟಾದ ಒಂದಿಷ್ಟು ಜಾಗ, ಹದಿನೈದು ಆಂಪಿಯರಿನ ಒಂದು ಪ್ಲಗ್ಗು, ನಲ್ಲಿ, ದೀಪ, ಕಾವಲುಗಾರ, ಕೊಳಚೆ ನೀರು ಸುರಿಯಲು ಒಂದು ಗುಂಡಿ. ಶುಚಿಯಾದ ಶೌಚಾಲಯವೊಂದನ್ನು ಸೇರಿಸಿದರೆ ಇದೇ ಜಾಗ ಲಾರಿ ಚಾಲಕನಿಗೂ, ಮಕ್ಕಳೊಡನೆ ಕಾರಿನಲ್ಲಿ ಬರುವ ಕುಟುಂಬಕ್ಕೂ, ಕೈವಾರದ ಯೋಗಿ ನಾರೇಯಣ ಮಠಕ್ಕೆ ಬರುವ ಭಕ್ತರಿಗೂ ಒದಗುತ್ತದೆ. ಹಿಂದಿನ ವರ್ತಕರು ದಾರಿಯ ಬದಿಯಲ್ಲಿ ಛತ್ರ, ಅರವಟ್ಟಿಗೆಗಳನ್ನು ಕಟ್ಟಿಸಿದುದು ಪುಣ್ಯಕ್ಕಾಗಿ ಮಾತ್ರವೇ? ಸಾರ್ಥ ತಂಗಿದೆಡೆಯಲ್ಲಿಯೇ ಸಂತೆ ಕೂಡುತ್ತದೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಕೊಳಚೆ ನೀರಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ನದಿಗಳಿಗೆ ಜನ್ಮವಿತ್ತೂ ತಾನು ಬಾಯಾರಿರುವ ಜಿಲ್ಲೆ ಇದು. ಪಾಲಾರ್, ಅರ್ಕಾವತಿ, ಚಿತ್ರಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಹೊಳೆ ಇಲ್ಲೊಂದೂ ಇಲ್ಲ. ಕಂದವಾರ ಕೆರೆಯೂ ಸೇರಿದಂತೆ ಹಲವು ಕೆರೆಗಳನ್ನು ಎಚ್.ಎನ್. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರಿನಿಂದ ತುಂಬಿಸಲಾಗಿದೆ. ಇಂತಹ ಕೆರೆಯ ಅಂಗಳದಲ್ಲಿ ಯಾರೋ ರಾತ್ರೋರಾತ್ರಿ ಶೌಚಾಲಯದ ತೊಟ್ಟಿಯನ್ನು ಬರಿದುಮಾಡಿ ಹೋದರೆ ಪ್ರವಾಸೋದ್ಯಮದ ಲಾಭವೆಲ್ಲ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ. ಆದುದರಿಂದ ಗುಂಡಿ ಮೊದಲು, ಫಲಕ ಆಮೇಲೆ.

ಸಣ್ಣ ಕೈಗಾರಿಕೆಯವರಿಗೂ ಇಲ್ಲಿ ಕೆಲಸವುಂಟು. ಅಮೆರಿಕದಲ್ಲಿ ಇಂತಹ ವಾಹನಗಳ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಸಾಧಾರಣ ಪಟ್ಟಣದ ಸುತ್ತಮುತ್ತ. ವಾಹನ ಜೋಡಿಸುವ ಕಾರ್ಖಾನೆಗಳ ಬೆನ್ನಿಗೆ ಕಪಾಟು, ಕಿಟಕಿ, ನೀರಿನ ತೊಟ್ಟಿ ಮಾಡುವ ಚಿಕ್ಕ ಘಟಕಗಳೂ ಅಲ್ಲಿ ಬೆಳೆದಿವೆ. ಇಲ್ಲಿ ಆ ಪ್ರಮಾಣದ ಕನಸು ಬೇಡ. ಗೌರಿಬಿದನೂರಿನ ಫ್ಯಾಬ್ರಿಕೇಶನ್ ಶೆಡ್ಡಿನವರಿಗೆ ಮಡಚುವ ಮೇಜು, ಉಕ್ಕಿನ ತೊಟ್ಟಿ ಮಾಡುವುದು ಕಷ್ಟವೇನಲ್ಲ. ಹಳೆಯ ಟೆಂಪೊವನ್ನು ಮನೆಯಾಗಿ ಮಾರ್ಪಡಿಸಿ ಕೊಡುತ್ತೇವೆಂದು ಹೊರಡುವವರು ಮಾತ್ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಓದಿಕೊಂಡಿರಬೇಕು. ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಟಿಗೆ ಅಲ್ಲಿ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಸ್ಪಷ್ಟಪಡಿಸಿದೆ.

ಜಾಗಕ್ಕಾಗಿ ಹೊಸ ಭೂಸ್ವಾಧೀನ ಬೇಕಿಲ್ಲ. ಎ.ಪಿ.ಎಂ.ಸಿ. ಪ್ರಾಂಗಣಗಳಲ್ಲಿ ವಹಿವಾಟಿಲ್ಲದ ಹೊತ್ತಿನಲ್ಲಿ ಖಾಲಿ ಬೀಳುವ ಮೂಲೆಗಳಿರುತ್ತವೆ. ಬೇಲಿ, ದೀಪ, ಕಾವಲು ಅಲ್ಲಿ ಆಗಲೇ ಇವೆ. ನಾಲ್ಕು ಪಟ್ಟಣಗಳ ವರ್ತಕರ ಸಂಘಗಳು ಒಟ್ಟಾಗಿ, ಪಟ್ಟಣಕ್ಕೆ ನಾಲ್ಕು ವಾಹನ ನಿಲ್ಲುವಷ್ಟು ಮೂಲೆಯನ್ನು ರಾತ್ರಿಯ ಬಾಡಿಗೆಗೆ ಬಿಡುವಂತೆ ಮಾರುಕಟ್ಟೆ ಸಮಿತಿಗಳನ್ನು ಕೇಳಬಹುದು. ದ್ರಾಕ್ಷಿಯ ಸುಗ್ಗಿಯೊಂದರ ಮಟ್ಟಿಗೆ ನಡೆಸಿ ನೋಡಿದರೆ, ಬಾಡಿಗೆಯ ರಸೀದಿ ಪುಸ್ತಕವೇ ಮುಂದಿನ ಲೆಕ್ಕ ಹೇಳುತ್ತದೆ.